ದಂಡಿನ ಕಲ್ಲುಗಳಿಗೆ ವಾರಸುದಾರರು ಯಾರು?

ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಇಲ್ಲ. ಒಂದು ಕಾಲಕ್ಕೆ ಇತ್ತು. ಮದ್ರಾಸು ಸೇನೆಯ ವೈದ್ಯ ಎಡ್ವರ್ಡ್ ಬಾಲ್ಫರ್ 1865ರಲ್ಲಿ ದಂಡು ಪ್ರದೇಶದ ಹಳೇ ಜೈಲು ಕಟ್ಟಡದಲ್ಲಿ ಅದನ್ನು ಶುರು ಮಾಡಿದರು. ಅದಕ್ಕೆ ಮೊದಲೇ ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಕಟ್ಟಿ ಬೆಳೆಸಿದ್ದ ಮನುಷ್ಯ ಅವರು. ಸುಮಾರು ಹನ್ನೆರಡು ವರ್ಷಗಳ ನಂತರ ಸಂಗ್ರಹವೆಲ್ಲ ಇಂದಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಸಾಗಿತು. ಅಠಾರಾ ಕಚೇರಿಯ ರೂವಾರಿ ಸ್ಯಾಂಕಿ ಸಾಹೇಬರದೇ ವಿನ್ಯಾಸ. ಊರ ಜನ ಅದನ್ನು ‘ತಮಾಷೆ ಬಂಗಲೆ’ ಎನ್ನುತ್ತಿದ್ದರಂತೆ.

ಈ ತಮಾಷೆ ಬಂಗಲೆಯನ್ನು ಇಂದು ನೋಡಿಕೊಳ್ಳುವುದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಕೇಂದ್ರ ಕಚೇರಿ ಮೈಸೂರಿನಲ್ಲಿ. ಬಹಳ ಮಂದಿಗೆ ಈ ಇಲಾಖೆ ಬೇರೆ, ಕೇಂದ್ರ ಸರ್ಕಾರದ ಭಾರತೀಯ ಪುರಾತತ್ವ ಸರ್ವೇಕ್ಷಣ ಬೇರೆ ಎಂಬುದೇ ಗೊತ್ತಿಲ್ಲ. ಟಿಪ್ಪು ಅರಮನೆ, ಬೆಂಗಳೂರು ಕೋಟೆ ಕೇಂದ್ರದವು. ರಾಜ್ಯದ ಇಲಾಖೆಯ ಪಟ್ಟಿಯಲ್ಲಿ ಕರ್ನಾಟಕದ ಎಂಟುನೂರಕ್ಕೂ ಹೆಚ್ಚು ಸ್ಮಾರಕಗಳಿವೆ.

ಮ್ಯೂಸಿಯಂನ ಸೊತ್ತುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆತಕೂರಿನ ಶಾಸನ. ಮದ್ದೂರು ಸೀಮೆಯಿಂದ ಬಂದ ಕಲ್ಲು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸುದ್ದಿ ಅದರಲ್ಲಿದೆ. ಇತಿಹಾಸಕಾರರಿಗೆ ಬೇಕಾದದ್ದು ಅದೇ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜರನ್ನಲ್ಲ, ಹಂದಿಯ ಮೇಲೆರಗಿದ ನಾಯಿಯನ್ನು. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಸಾವಿರ ವರ್ಷದ ಹಿಂದಿನ ನಾಯಿಯೊಂದರ ಹೆಸರು ನಮಗೆ ತಿಳಿದಿರುವುದು ಯಾರೋ ಈ ಕಲ್ಲನ್ನು ಓದಿ ಜೋಪಾನ ಮಾಡಿದ್ದರಿಂದ.

ಓದುವ ಆ ಕೆಲಸವೇ ಇಲಾಖೆಯ ಮೂಲ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ನಕಲು ಮಾಡಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಅವರ ನಂತರ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ. ಇಷ್ಟು ವಿದ್ವತ್ತಿನ ಬುನಾದಿ ಇರುವ ಸರ್ಕಾರಿ ಇಲಾಖೆ ನಮ್ಮಲ್ಲಿ ಇನ್ನೊಂದಿದೆಯೇ, ನನಗೆ ಅನುಮಾನ.

ವಿದ್ವತ್ತು ಇದ್ದರೆ ಸಾಲದು, ಅಧಿಕಾರವೂ ಬೇಕು. ಅದು ಬರುವುದು 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆಯಿಂದ. ಸರ್ಕಾರ ಮೊದಲು ಒಂದು ಕಟ್ಟಡವನ್ನೋ ನಿವೇಶನವನ್ನೋ ಸಂರಕ್ಷಿಸಲು ಹೊರಟಿರುವುದಾಗಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಅವನ್ನು ಪರಿಶೀಲಿಸಿ ಅಂತಿಮ ಅಧಿಸೂಚನೆ ಹೊರಡಿಸುತ್ತದೆ. ಅಲ್ಲಿಂದಾಚೆಗೆ ಇಲಾಖೆಯ ಅಪ್ಪಣೆಯಿಲ್ಲದೆ ಅದನ್ನು ಕೆಡವುವಂತಿಲ್ಲ, ಅಂದಗೆಡಿಸುವಂತಿಲ್ಲ. ಅಧಿಸೂಚನೆ ಆಗದಿದ್ದರೆ, ಎಷ್ಟೇ ಹಳೆಯದಾದರೂ ಈ ಕಾಯ್ದೆಯ ಪಾಲಿಗೆ ಅದು ಬರಿಯ ಕಲ್ಲು, ಗಾರೆ.

ದಂಡಿನ ಕಡೆಯ ತೊಡಕು ಇರುವುದೇ ಇಲ್ಲಿ. 1809ರಲ್ಲಿ ಹಲಸೂರಿನ ಸುತ್ತ ನೆಲೆಯೂರಿದ ಬ್ರಿಟಿಷ್ ದಂಡಿನ ಜಾಗ, 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ಬ್ರಿಟಿಷರಲ್ಲೇ ಉಳಿಯಿತು. ಮೈಸೂರಿಗೆ ವಾಪಸಾದದ್ದು 1947ರ ಜುಲೈನಲ್ಲಿ, ನಗರದೊಂದಿಗೆ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಹೀಗಾಗಿ ಇಲ್ಲಿ ಹಳೆಯದ್ದಕ್ಕೆ ಒಡೆಯರು ಇಲ್ಲವೆಂದಲ್ಲ, ಹಲವರಿದ್ದಾರೆ: ಸೇನೆ, ರೈಲ್ವೆ, ಚರ್ಚು, ವಕ್ಫ್, ಮುಜರಾಯಿ, ಪಾಲಿಕೆ, ಖಾಸಗಿ ಬಂಗಲೆಯವರು. ಹಲಸೂರು ಕೆರೆಯ ಬಳಿ ಬಂಡೆಯ ಮೇಲಿನ ಕೆಂಪೇಗೌಡ ಗೋಪುರ ನೋಡಬೇಕೆಂದರೆ ಸೇನೆಯ ಆವರಣದತ್ತ ಕಣ್ಣು ಹಾಯಿಸಬೇಕು.

ಹಲಸೂರಿನ ಸೋಮೇಶ್ವರ ದೇವಸ್ಥಾನ ಮುಜರಾಯಿಗೆ ಸೇರಿದ್ದು. ವಿಜಯನಗರ ಶೈಲಿಯ ಗೋಪುರ, ಕಂಬಗಳಲ್ಲಿ ಕೈಲಾಸವನ್ನೆತ್ತುವ ರಾವಣ. ಮುಚ್ಚಿಹೋಗಿದ್ದ ಅದರ ಕಲ್ಯಾಣಿಯನ್ನು ಅಗೆದು ತೆಗೆಯುವ ಕೆಲಸ 2010ರಲ್ಲಿ ಶುರುವಾಯಿತು. ಪೂಜೆ ನಡೆಯುವ ದೇವಸ್ಥಾನವನ್ನು ಮ್ಯೂಸಿಯಂನಂತೆ ನಡೆಸಲಾಗದು. ಜನ ಬರುತ್ತಾರೆ, ದೀಪ ಹಚ್ಚುತ್ತಾರೆ, ಎಣ್ಣೆ ಚೆಲ್ಲುತ್ತದೆ, ಅದು ಸರಿಯೇ. ಸರಿಯಲ್ಲದ್ದು ನಾಡಿನ ಎಷ್ಟೋ ಗುಡಿಗಳಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ನಡೆಯುವ ಕೆಲಸ: ಕೆತ್ತನೆಯ ಕಂಬಕ್ಕೆ ಬಣ್ಣ, ಹಳೇ ಚಪ್ಪಡಿಯ ಮೇಲೆ ಹೊಳೆಯುವ ಟೈಲ್ಸು.

ದುರಸ್ತಿಯ ಮಾತು ಬಂದಮೇಲೆ ಗಾರೆಯ ವಿಷಯ ಹೇಳಲೇಬೇಕು. ಹಳೆಯ ಗೋಡೆಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಬೆರೆಸಿ ಗಾಣದಲ್ಲಿ ಅರೆಯುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಾರೆ. ಗಟ್ಟಿಯಾಗಲು ಹೊತ್ತು ಬೇಕು, ತಾಳ್ಮೆಯೂ ಬೇಕು. ಗೋಡೆಯೊಳಗಿನ ತೇವ ಈ ಗಾರೆಯ ಮೂಲಕ ಆಚೆ ಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತ ಬರುತ್ತದೆ. ಇದು ಎಂಜಿನಿಯರುಗಳಿಗೆ ತಿಳಿಯದ ಗುಟ್ಟೇನಲ್ಲ. ಆದರೆ ಕಡಿಮೆ ದರ ಕೂಗಿದವರಿಗೆ ಕೆಲಸ ಕೊಡುವ ಟೆಂಡರಿನಲ್ಲಿ ಗಾಣ ತಿರುಗಿಸುವ ಮೇಸ್ತ್ರಿಯ ಕೂಲಿ ಎಲ್ಲಿ ಗಿಟ್ಟೀತು? ನನ್ನ ಮಟ್ಟಿಗೆ, ಹಣದ ಕೊರತೆಗಿಂತ ಹೆಚ್ಚು ಹಾನಿ ಮಾಡಿರುವುದು ಅವಸರದ ದುರಸ್ತಿ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಕಥೆ ಇನ್ನೊಂದು ಬಗೆಯದು. 1927ರಲ್ಲಿ ಕಟ್ಟಿದ್ದು, 1933ರಲ್ಲಿ ಉದ್ಘಾಟನೆ, ಹೆಸರು ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರದು. 2012ರ ಫೆಬ್ರುವರಿಯ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. ಬೆಂಗಳೂರಿಗರನ್ನು ಕೇಳಿದರೆ ಇದು ಸ್ಮಾರಕವೇ ಎನ್ನುತ್ತಾರೆ. ಕಾಯ್ದೆ ಒಪ್ಪುವುದಿಲ್ಲ, ಅದರ ಪ್ರಕಾರ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ತುಂಬಿರಬೇಕು! ಅಷ್ಟರವರೆಗೆ ಮಾರ್ಕೆಟ್ಟಿನ ಕ್ಷೇಮ ಪಾಲಿಕೆಯ ಮನಸ್ಸಿಗೆ ಬಿಟ್ಟದ್ದು. ಮಂಕಿ ಟಾಪ್ ಕಿಟಕಿಯ ಖಾಸಗಿ ಬಂಗಲೆಗಳದ್ದು ಇನ್ನೂ ಕಷ್ಟ. ನಗರ ಯೋಜನೆಯ ನಿಯಮಗಳಲ್ಲಿ ಪಾರಂಪರಿಕ ಕಟ್ಟಡಗಳಿಗೆ ಜಾಗವಿದೆ, ನಿಜ. ನಿವೇಶನದ ಬೆಲೆಯ ಮುಂದೆ ಆ ನಿಯಮದ ಬಲ ಎಷ್ಟೆಂದು ಹಲಸೂರು, ಇಂದಿರಾನಗರದ ರಸ್ತೆಗಳಲ್ಲಿ ಒಮ್ಮೆ ನಡೆದರೆ ತಿಳಿಯುತ್ತದೆ.

ಸರ್ಕಾರ ಹೊರಗಿನವರ ಕೈಯನ್ನೂ ಜೋಡಿಸಿಕೊಂಡಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆಯ ಗುಡಿಗಳನ್ನು ದುರಸ್ತಿ ಮಾಡುವಾಗ ಸರ್ಕಾರ ಶೇ 40, ಟ್ರಸ್ಟ್ ಶೇ 40, ಊರಿನವರು ಶೇ 20 ವೆಚ್ಚ ಹಂಚಿಕೊಳ್ಳುವ ಪದ್ಧತಿ ಇದೆ. ಇದು ಒಳ್ಳೆಯ ಮಾದರಿ, ಏಕೆಂದರೆ ಹಣ ಹಾಕಿದ ಊರು ಆಮೇಲೂ ಕಣ್ಣಿಟ್ಟಿರುತ್ತದೆ. ಕಂಪನಿಗಳು ಸ್ಮಾರಕ ದತ್ತು ಪಡೆಯುವ ಯೋಜನೆಯ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಮ್ಯೂಸಿಯಂ ಪಕ್ಕದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಹೊರಟಾಗ ಕಲಾವಿದರು ಬೀದಿಗಿಳಿದು, 2016ರಲ್ಲಿ ಸರ್ಕಾರ ಹಿಂದೆ ಸರಿಯಬೇಕಾಯಿತು.

ಶಾಸನಗಳ ವಿಷಯದಲ್ಲಿ ಇಲಾಖೆಗಿಂತ ನಾಗರಿಕರೇ ಮುಂದೆ ಹೋಗಿದ್ದಾರೆ. ಇಂದಿರಾನಗರಕ್ಕೆ ತಾಗಿದ ದೊಮ್ಮಲೂರಿನ ಚೊಕ್ಕನಾಥ ಗುಡಿಯಲ್ಲಿ ತಮಿಳು ಶಾಸನಗಳಿವೆ. ಎಚ್‌ಎಎಲ್ ಬಳಿಯ ವಿಭೂತಿಪುರದಲ್ಲಿ, ಕಾಡು ಕಡಿದು ಕೆರೆ ಕಟ್ಟಿಸಿದ್ದನ್ನು ಹೇಳುವ 1307ರ ಶಾಸನವಿದೆ. ರೈಸ್ ನಕಲು ಮಾಡಿಸಿದ ಇಂಥ ಎಷ್ಟೋ ಕಲ್ಲುಗಳು ಲೇಔಟುಗಳ ಅಡಿ ಸೇರಿಹೋಗಿವೆ. ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ಸಂಪುಟಗಳನ್ನು ಕೈಯಲ್ಲಿ ಹಿಡಿದು ಉಳಿದವನ್ನು ಹುಡುಕಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಅವನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರ ಕಂಪ್ಯೂಟರಿನ ಪರದೆಯ ಮೇಲೆ ಎದ್ದು ಬರುತ್ತದೆ.

ನಿಮ್ಮ ಬೀದಿಯ ಮೂಲೆಯಲ್ಲಿ, ಕೆರೆ ಏರಿಯ ಮೇಲೆ, ಪಾಯ ತೋಡುವಾಗ ಅಕ್ಷರವಿರುವ ಕಲ್ಲು ಕಂಡರೆ ದಯವಿಟ್ಟು ಕದಲಿಸಬೇಡಿ. ಆಸಿಡ್ ಹಾಕಿ ತೊಳೆಯಬೇಡಿ, ಬಣ್ಣ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಒಂದು ಫೋಟೊ ತೆಗೆದು, ಜಾಗದ ಗುರುತು ಬರೆದು, ಪುರಾತತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಿ. ಸ್ಮಾರಕದ ಅಧಿಸೂಚನೆಗೆ ಆಕ್ಷೇಪಣೆ ಕರೆದಾಗ ಬೇಡ ಎನ್ನುವವರು ತಪ್ಪದೆ ಬರೆಯುತ್ತಾರೆ. ಬೇಕು ಎನ್ನುವವರೂ ಒಂದು ಪತ್ರ ಬರೆಯಿರಿ.