ಐವತ್ತು ದಾಟಿದ ‘ಇವರು’ ಯಾಕೆ ಹೀಗೆ?

‘ಸಂಜೆ ಆಫೀಸಿಂದ ಬಂದವರೇ ಸೋಫಾ ಮೇಲೆ ಉರುಳಿಕೊಳ್ತಾರೆ. ಮಾತಾಡಿಸಿದ್ರೆ ಸಿಡುಕು. ಭಾನುವಾರ ಎಲ್ಲಿಗಾದ್ರೂ ಹೋಗೋಣ ಅಂದ್ರೆ ಸುಸ್ತು. ರಾತ್ರಿಯಾದ್ರೆ ಗೋಡೆ ಕಡೆ ಮುಖ ಮಾಡಿ ಗೊರಕೆ...’

ಐವತ್ತರ ಆಸುಪಾಸಿನ ಗಂಡಂದಿರ ಬಗ್ಗೆ ಹೆಂಡತಿಯರ ಈ ದೂರು ಹೊಸದೇನಲ್ಲ. ಕೆಲವರು ‘ವಯಸ್ಸಾಯ್ತು, ಅಷ್ಟೇ’ ಎಂದು ಸುಮ್ಮನಾಗುತ್ತಾರೆ. ಕೆಲವರಿಗೆ ‘ನನ್ನ ಮೇಲೆ ಆಸಕ್ತಿಯೇ ಇಲ್ಲವೇನೋ’ ಎಂಬ ಕೊರಗು. ಈಗ ಜಾಹೀರಾತುಗಳೂ ಒಂದು ಉತ್ತರ ಕೊಡುತ್ತಿವೆ: ಇದು ಗಂಡಸರ ಮೆನೋಪಾಸ್, ಟೆಸ್ಟೋಸ್ಟೆರಾನ್ ಇಳಿದಿದೆ, ಈ ಕ್ಯಾಪ್ಸೂಲ್ ಕೊಡಿ! ಕೊಡುವ ಮೊದಲು ಸ್ವಲ್ಪ ತಿಳಿದುಕೊಳ್ಳಿ.

ನಮ್ಮ ಹಾಗೆ ಅವರಿಗೂ ನಿಲ್ಲುತ್ತದೆಯೇ?

ಇಲ್ಲ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಕೆಲವೇ ವರ್ಷಗಳಲ್ಲಿ ಧಡಕ್ಕನೆ ಕುಸಿಯುತ್ತದೆ. ಗಂಡಸರಲ್ಲಿ ಹಾಗಲ್ಲ. ವೃಷಣಗಳಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಮೂವತ್ತು, ನಲವತ್ತರ ನಂತರ ವರ್ಷಕ್ಕೆ ಸುಮಾರು ಶೇ 1ರಷ್ಟು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ.

ಯುರೋಪಿನಲ್ಲಿ 40ರಿಂದ 79 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹಾರ್ಮೋನೂ ಕಡಿಮೆಯಿದ್ದು, ಅದಕ್ಕೆ ತಕ್ಕ ಲೈಂಗಿಕ ಲಕ್ಷಣಗಳೂ ಇದ್ದವರು ನೂರಕ್ಕೆ ಇಬ್ಬರು ಮಾತ್ರ! ಅಂದರೆ ಸುಸ್ತು, ಸಿಡುಕು ಕಂಡವರಿಗೆಲ್ಲ ಹಾರ್ಮೋನಿನ ಕೊರತೆ ಅಂತ ಹಣೆಪಟ್ಟಿ ಹಚ್ಚುವ ಹಾಗಿಲ್ಲ.

ಹೊಟ್ಟೆಯ ಕಡೆ ನೋಡಿ

ಹಾಗಾದರೆ ಕಾರಣವೇನು? ಮೊದಲ ಅನುಮಾನ ಬೊಜ್ಜಿನ ಮೇಲೆ. ಕೊಬ್ಬಿನ ಅಂಗಾಂಶ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜೆನ್ ಆಗಿ ಪರಿವರ್ತಿಸುತ್ತದೆ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗಂಟೆ. ಟೈಲರ್ ಟೇಪಿನಲ್ಲಿ ನೀವೇ ಅಳೆದು ನೋಡಬಹುದು.

ಎರಡನೆಯದು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಮಧುಮೇಹಿ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಿರುವುದು ಸಾಮಾನ್ಯ.

ಮೂರನೆಯದು ನಿದ್ದೆ. ಈ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೇ ನಿದ್ದೆಯಲ್ಲಿ. 2011ರಲ್ಲಿ ಶಿಕಾಗೋದ ಸಂಶೋಧಕರು ಹತ್ತು ಆರೋಗ್ಯವಂತ ಯುವಕರಿಗೆ ಒಂದು ವಾರ ದಿನಕ್ಕೆ ಐದೇ ತಾಸು ಮಲಗಲು ಬಿಟ್ಟರು. ಅಷ್ಟಕ್ಕೇ ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಇಳಿದಿತ್ತು. ಜೋರು ಗೊರಕೆ, ನಡುನಡುವೆ ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಇದನ್ನು ಗಮನಿಸಲು ಸಾಧ್ಯವಿರುವುದು ಪಕ್ಕದಲ್ಲಿ ಮಲಗಿದವರಿಗೆ ಮಾತ್ರ, ಅಂದ್ರೆ ನಿಮಗೆ!

ಖಿನ್ನತೆ, ಥೈರಾಯ್ಡ್ ತೊಂದರೆ, ರಕ್ತಹೀನತೆ, ವಿಪರೀತ ಕುಡಿತ ಇವೂ ಇದೇ ಲಕ್ಷಣ ತೋರಿಸುತ್ತವೆ.

ಮಲಗುವ ಕೋಣೆಯಿಂದ ಹೃದಯದ ಸುದ್ದಿ

ಹೇಳಲು ಸಂಕೋಚ, ಕೇಳಲು ಮುಜುಗರ ಎನಿಸುವ ವಿಷಯ ಇದು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ನಿಮಿರುವಿಕೆಯ ತೊಂದರೆಗೆ ಅನೇಕ ಸಲ ಕಾರಣ ಹಾರ್ಮೋನಲ್ಲ, ರಕ್ತನಾಳ. ಜನನಾಂಗದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಪೂರ. ಹಾಗಾಗಿ ಕೊಬ್ಬು ಕಟ್ಟಿಕೊಳ್ಳಲು ಶುರುವಾದರೆ ತೊಂದರೆ ಮೊದಲು ಕಾಣಿಸುವುದು ಅಲ್ಲಿ. ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಈ ಸೂಚನೆ ಸಿಗಬಹುದು. ‘ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ’ ಎಂದು ತಳ್ಳಿಹಾಕಿದರೆ ಹೃದಯ ಕೊಟ್ಟ ಮುನ್ಸೂಚನೆಯನ್ನೇ ತಳ್ಳಿಹಾಕಿದಂತೆ.

ನಾಚಿಕೆಯಿಂದ ಗುಟ್ಟಾಗಿ ಮಾತ್ರೆ ತಂದು ನುಂಗುವವರೂ ಇದ್ದಾರೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣಕ್ಕೇ ಕುತ್ತು ಬರಬಹುದು.

ಪರೀಕ್ಷೆ, ಚಿಕಿತ್ಸೆ

ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ. ಆದ್ದರಿಂದ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಒಂದು ಸಲ ಕಡಿಮೆ ಬಂದರೆ ಬೇರೆ ದಿನ ಇನ್ನೊಮ್ಮೆ ಪರೀಕ್ಷಿಸಬೇಕು. ಎರಡೂ ಸಲ ಕಡಿಮೆಯಿದ್ದು, ಲಕ್ಷಣಗಳೂ ಇದ್ದರೆ ಮಾತ್ರ ಚಿಕಿತ್ಸೆಯ ಮಾತು.

ಚುಚ್ಚುಮದ್ದು, ಜೆಲ್ ರೂಪದಲ್ಲಿ ಹಾರ್ಮೋನು ಕೊಡುತ್ತಾರೆ. ನಿಜವಾದ ಕೊರತೆ ಇದ್ದವರಿಗೆ ಇದರಿಂದ ಅನುಕೂಲವಿದೆ. ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿ ತೊಂದರೆ ತುಸು ಹೆಚ್ಚು ಕಂಡವು. ರಕ್ತ ಗಟ್ಟಿಯಾಗುವುದು, ವೀರ್ಯಾಣು ಕುಗ್ಗುವುದೂ ಉಂಟು. ಹಾಗಾಗಿ ಎಂಡೋಕ್ರಿನಾಲಜಿಸ್ಟ್ ಅಥವಾ ಯುರಾಲಜಿಸ್ಟ್ ಸಲಹೆ ಇಲ್ಲದೆ, ಪ್ರಾಸ್ಟೇಟ್ ಪರೀಕ್ಷೆ ಆಗದೆ ಬೇಡವೇ ಬೇಡ. ಜೆಲ್ ಹಚ್ಚಿದ ಜಾಗ ಮನೆಯ ಹೆಂಗಸರು, ಮಕ್ಕಳ ಮೈಗೆ ತಾಗದಂತೆಯೂ ನೋಡಿಕೊಳ್ಳಬೇಕು.

ಇನ್ನು ‘ಯೌವನ ಮರಳಿಸುವ’ ಕ್ಯಾಪ್ಸೂಲುಗಳ ಕಥೆ ಹಳೆಯದು. 1889ರಲ್ಲಿ ಪ್ಯಾರಿಸ್ಸಿನ 72ರ ವೈದ್ಯ ಬ್ರೌನ್ ಸೆಕಾರ್ಡ್ ನಾಯಿ, ಗಿನಿಪಿಗ್‌ಗಳ ವೃಷಣದ ರಸ ಚುಚ್ಚಿಕೊಂಡು ‘ನನಗೆ ಹೊಸ ಚೈತನ್ಯ ಬಂತು’ ಎಂದು ಸಾರಿದರು. ಆ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಕೆಲಸ ಮಾಡಿದ್ದು ಬರೀ ನಂಬಿಕೆ!

ನೀವೇನು ಮಾಡಬಹುದು?

* ‘ನಿಮಗೇನೋ ಆಗಿದೆ’ ಅಂತ ಚುಚ್ಚಬೇಡಿ. ‘ಇಬ್ಬರೂ ಚೆಕಪ್ ಮಾಡಿಸೋಣ’ ಅನ್ನಿ. ಜೊತೆಗೆ ಬರಲು ಒಪ್ಪುತ್ತಾರೆ, ನಿಮ್ಮದೂ ಆಗುತ್ತದೆ.
* ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಥೈರಾಯ್ಡ್ ಮೊದಲು, ಟೆಸ್ಟೋಸ್ಟೆರಾನ್ ಆಮೇಲೆ.
* ರಾತ್ರಿ ಅನ್ನ ಒಂದು ಸೌಟು ಕಡಿಮೆ ಮಾಡಿ, ಪಲ್ಯ, ಕೋಸಂಬರಿ ಹೆಚ್ಚಿಸಿ. ಸಂಜೆ ಬೋಂಡ ವಾರಕ್ಕೊಮ್ಮೆ ಸಾಕು.
* ದಿನಾ ಅರ್ಧ ಗಂಟೆ ಒಟ್ಟಿಗೆ ನಡೆಯಿರಿ. ತೂಕ ಇಳಿದರೆ ಟೆಸ್ಟೋಸ್ಟೆರಾನ್ ತಾನಾಗಿಯೇ ಏರುತ್ತದೆ.
* ಗೊರಕೆ, ಉಸಿರು ಕಟ್ಟುವುದನ್ನು ಗಮನಿಸಿ ಡಾಕ್ಟರಿಗೆ ನೀವೇ ಹೇಳಿ. ಅವರಂತೂ ಹೇಳುವುದಿಲ್ಲ.
* ಕೆಲವು ಬಿಪಿ ಮಾತ್ರೆಗಳಿಂದಲೂ ಲೈಂಗಿಕ ತೊಂದರೆ ಆಗುವುದುಂಟು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಬದಲಿಸಿ.
* ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರಕ್ಕಿಂತ ಹೆಚ್ಚು ಮಂಕಾಗಿದ್ದರೆ ಮನೋವೈದ್ಯರಿಗೆ ತೋರಿಸಲು ಹಿಂಜರಿಯಬೇಡಿ.