ಮುಂಬಯಿ ದೋಣಿ ಲೋಕ ಸುತ್ತಿತು!

ಬಸ್ಸಿನಲ್ಲಿ ಸೀಟು ಸಿಗದೆ ಒಂದು ಗಂಟೆ ನಿಂತರೆ ಗೊಣಗ್ತೀವಿ. 312 ದಿನ ಒಬ್ಬನೇ, ಎಲ್ಲೂ ದಡ ಹತ್ತದೆ, 32 ಅಡಿ ಹಾಯಿದೋಣಿಯಲ್ಲಿ ಸಂಸಾರ ಹೂಡಿದವನ ಕಥೆ ಕೇಳಿ.

ದೋಣಿ ‘ಸುಹೈಲಿ’. ಕಟ್ಟಿದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಲ್ಲಿ. ಒಡೆಯ ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರ ಜೂನ್ 14ರಂದು ಫಾಲ್ಮತ್ ಬಂದರು ಬಿಟ್ಟ. ಅಡುಗೆ, ನಿದ್ದೆ, ರಿಪೇರಿ ಎಲ್ಲ ದೋಣಿಯಲ್ಲೇ. ನೀರು ಜಿನುಗಿದಾಗ ಸಮುದ್ರಕ್ಕಿಳಿದು ಸಂದು ಮುಚ್ಚಿದ. ಟ್ಯಾಂಕಿನ ನೀರು ಕೆಟ್ಟಾಗ ಮಳೆನೀರು ಹಿಡಿದು ಕುಡಿದ. ರೇಡಿಯೋ ಕೆಟ್ಟು ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ.

1969ರ ಏಪ್ರಿಲ್ 22ರಂದು ಅದೇ ಬಂದರಿಗೆ ವಾಪಸು! ಪಂದ್ಯಕ್ಕೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವನು ಇವನೊಬ್ಬನೇ. ಗೆದ್ದ 5,000 ಪೌಂಡ್? ಅದೇ ಪಂದ್ಯದಲ್ಲಿ ಜೀವ ಕಳೆದುಕೊಂಡ ಡೊನಾಲ್ಡ್ ಕ್ರೌಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ, ಸ್ವಾಮಿ.