ಹಿರಿಯರ ಕೈಗೆ ಒಗ್ಗುವ ಗಾಳ

ನೇತ್ರಾವತಿಯ ದಂಡೆಯಲ್ಲೋ ಊರ ಕೆರೆಯ ಏರಿಯ ಮೇಲೋ ಸಂಜೆ ಹೊತ್ತು ಗಾಳ ಹಾಕಿ ಕೂರುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅವರು ಈಚೆಗೆ ಗಾಳದ ಕೋಲನ್ನು ಅಟ್ಟಕ್ಕೆ ಸೇರಿಸಿದ್ದರೆ ಆಸಕ್ತಿ ಕುಂದಿತೆಂದೇ ತಿಳಿಯಬೇಡಿ. ಕಲ್ಲಿಗೆ ಸಿಕ್ಕಿ ಕಡಿದುಹೋದ ಕೊಕ್ಕೆಯ ಬದಲು ಹೊಸದನ್ನು ಕಟ್ಟಲಾಗದಿರುವುದೂ ಕಾರಣವಿರಬಹುದು. ಹಾಗೆಂದು ಬಾಯಿಬಿಟ್ಟು ಹೇಳುವವರು ಕಡಿಮೆ.

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಾಗುವ ಗುಣವನ್ನು ಕಳೆದುಕೊಳ್ಳುತ್ತ ಬರುತ್ತದೆ. ಚಾಳೀಸು ಎಂಬ ಹೆಸರು ಬಂದದ್ದೇ ಅದರಿಂದ. ಮುಂದೆ ಪಾಪೆಯೂ ಕಿರಿದಾಗಿ ಕಣ್ಣಿನೊಳಗೆ ಹೋಗುವ ಬೆಳಕು ತಗ್ಗುತ್ತದೆ. ಮೀನು ಕಚ್ಚುವುದೋ ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ! ಜೊತೆಗೆ ಹೆಬ್ಬೆರಳ ಬುಡದ ಕೀಲು ಸವೆದಿದ್ದರೆ ಸಪೂರ ತಂಗೂಸಿಯನ್ನು ಚಿವುಟಿ ಹಿಡಿಯುವುದೇ ಯಾತನೆ. ಬೆರಳ ತುದಿಯಲ್ಲಿ ಹಾಕಿದ ಒತ್ತಡ ಆ ಕೀಲಿನ ಮೇಲೆ ಹಲವು ಪಟ್ಟಾಗಿ ಬೀಳುತ್ತದೆ.

ಆದ್ದರಿಂದ ಗಂಟು ಹಾಕುವ ಕೆಲಸವನ್ನು ದಂಡೆಯಿಂದ ಮನೆಯ ಜಗಲಿಗೆ ತನ್ನಿ. ಹಗಲು ಬೆಳಕಿನಲ್ಲಿ, ಚಾಳೀಸು ಹಾಕಿಕೊಂಡು, ಗೇಣುದ್ದದ ತಂಗೂಸಿ ತುಂಡುಗಳಿಗೆ ಏಳೆಂಟು ಕೊಕ್ಕೆ ಕಟ್ಟಿ, ಇನ್ನೊಂದು ತುದಿಯಲ್ಲಿ ದೊಡ್ಡ ಕುಣಿಕೆ ಬಿಡಿ. ಮೊಮ್ಮಕ್ಕಳು ದೊಡ್ಡವರಿದ್ದರೆ ಈ ಕೆಲಸ ಅವರಿಗೇ ಇರಲಿ. ಹಳೆಯ ರಬ್ಬರ್ ಚಪ್ಪಲಿಯ ತುಂಡಿಗೆ ಇವನ್ನು ಚುಚ್ಚಿಟ್ಟರೆ ಸಿಕ್ಕಾಗುವುದಿಲ್ಲ. ಮುಖ್ಯ ದಾರದ ತುದಿಗೆ ಸೇಫ್ಟಿ ಪಿನ್ನಿನಂತೆ ತೆರೆಯುವ ಸ್ನ್ಯಾಪ್ ಕಟ್ಟಿಟ್ಟರೆ, ಹೊಳೆಬದಿಯಲ್ಲಿ ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿದರಾಯಿತು. ಆದರೆ ತೀರಾ ಪುಟ್ಟ ಸ್ನ್ಯಾಪ್ ಗಂಟಿಗಿಂತ ದೊಡ್ಡ ತಲೆನೋವು. ಅಂಗಡಿಯಲ್ಲಿ ಹಿರಿಯರೇ ಅದನ್ನು ಒತ್ತಿ ನೋಡಲಿ, ಸುಲಭವಾಗಿ ತೆರೆಯುವುದನ್ನೇ ಕೊಳ್ಳಿ. ಸ್ನ್ಯಾಪ್ ಕಂಡರೆ ಮೀನು ಹೆದರುತ್ತದೆಂದು ವಾದಿಸುವವರಿದ್ದಾರೆ. ನಾಲ್ಕು ಮೀನು ಕಡಿಮೆ ಸಿಕ್ಕರೂ ಅಜ್ಜ ಹೊಳೆಗೆ ಹೋಗುವುದು ಮೇಲಲ್ಲವೇ?

ದಾರವನ್ನು ಹಲ್ಲಿನಿಂದ ಕಡಿಯುವುದು ಬೇಡ, ನೇಲ್ ಕಟರ್ ಸಾಕು. ಕೋಲಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಮುಷ್ಟಿ ಬಿಗಿಯುವ ಶ್ರಮ ತಗ್ಗುತ್ತದೆ.

ಸಕ್ಕರೆ ಕಾಯಿಲೆಯಿಂದ ಬೆರಳ ಸ್ಪರ್ಶಜ್ಞಾನ ಕುಗ್ಗಿದ್ದರೆ ಕೊಕ್ಕೆ ಚುಚ್ಚಿದ್ದೇ ತಿಳಿಯದಿರಬಹುದು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಡಿ. ಮನೆಗೆ ಬಂದಮೇಲೆ ಅವರ ಬೆರಳುಗಳನ್ನು ಬೆಳಕಿನಲ್ಲಿ ಒಮ್ಮೆ ನೋಡಿ. ಆಳವಾಗಿ ನಾಟಿದ ಕೊಕ್ಕೆಯನ್ನು ಎಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ಧನುರ್ವಾಯು ಚುಚ್ಚುಮದ್ದಿನ ಬಗೆಗೂ ವಿಚಾರಿಸಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವ ಲಕ್ಷಣವಿರಬಹುದು. ಅದಕ್ಕೆ ಚಿಕಿತ್ಸೆಯುಂಟು, ವಯಸ್ಸಾಯಿತೆಂದು ಸುಮ್ಮನಿರಬೇಡಿ.